ಕಾಪಿ ಆಗ್ತಿಲ್ಲ, ಪೇಸ್ಟ್ ಆಗ್ತಿಲ್ಲ: ಹಾಸನ–ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಟಿಪಿ ಅಂಗಡಿ, ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಎಸ್ಟೇಟ್ ಆಫೀಸು, ಕಾಲೇಜು ಲ್ಯಾಬು ಎಲ್ಲ ಕಡೆಯೂ ದಿನವಿಡೀ ನಡೆಯುವ ಕೆಲಸ ಕಾಪಿ-ಪೇಸ್ಟ್. ಅದು ಕೈಕೊಟ್ಟಾಗ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಹೆಚ್ಚಿನವು ವಿಂಡೋಸ್ 10 ಮತ್ತು 11ಕ್ಕೆ ಸೇರಿದವು.

ಮೊದಲೇ ಒಂದು ಮಾತು. ಪೇಸ್ಟ್ ಆಗದೇ ಹೋದರೆ ಹಾಳಾಗುವುದು ಹತ್ತು ನಿಮಿಷ. ತಪ್ಪಾಗಿ ಪೇಸ್ಟ್ ಆಗಿ ಯಾರ ಕಣ್ಣಿಗೂ ಬೀಳದೇ ಹೋದರೆ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಹೋಗಬಹುದು, ಸರ್ವೆ ನಂಬರ್ ತಾರೀಕಾಗಿ ಕೂರಬಹುದು. ಅದಕ್ಕೇ ಕನ್ನಡ ಅಕ್ಷರ ಮತ್ತು ಎಕ್ಸೆಲ್ ಕುರಿತ ಉತ್ತರಗಳು ಇಲ್ಲಿ ಉದ್ದವಾಗಿವೆ.

ಕಾಪಿ-ಪೇಸ್ಟ್ ನಿಂತೇ ಹೋಗಿದೆ. ಎಲ್ಲಿಂದ ಶುರು ಮಾಡಲಿ?

ನೋಟ್‌ಪ್ಯಾಡ್ ತೆರೆಯಿರಿ. ಒಂದು ಪದ ಟೈಪ್ ಮಾಡಿ, ಸೆಲೆಕ್ಟ್ ಮಾಡಿ, ಕಂಟ್ರೋಲ್ + ಸಿ ಒತ್ತಿ. ಕೆಳಗಿನ ಸಾಲಿಗೆ ಹೋಗಿ ಕಂಟ್ರೋಲ್ + ವಿ ಒತ್ತಿ. ಪದ ಬಂತೆಂದರೆ ಕೀಬೋರ್ಡ್ ಸರಿ ಇದೆ, ಕ್ಲಿಪ್‌ಬೋರ್ಡ್ (ಕಾಪಿ ಮಾಡಿದ್ದನ್ನು ಕಂಪ್ಯೂಟರ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) ಸರಿ ಇದೆ. ತೊಂದರೆ ನೀವು ಕಾಪಿ ಮಾಡುತ್ತಿರುವ ಜಾಗದಲ್ಲೋ ಪೇಸ್ಟ್ ಮಾಡುತ್ತಿರುವ ಜಾಗದಲ್ಲೋ ಇದೆ. ಬರಲಿಲ್ಲವೆಂದರೆ ಅದನ್ನೇ ಮೌಸ್‌ನ ಬಲಗುಂಡಿ ಒತ್ತಿ ಬರುವ ಪಟ್ಟಿಯಿಂದ ಮಾಡಿ ನೋಡಿ. ಮೌಸ್‌ನಿಂದ ಆಗುತ್ತದೆ, ಕೀಬೋರ್ಡ್‌ನಿಂದ ಆಗುವುದಿಲ್ಲ ಎಂದಾದರೆ ಕೀಬೋರ್ಡ್ ಹಿಡಿಯಿರಿ. ಎರಡರಿಂದಲೂ ಆಗದಿದ್ದರೆ ಕ್ಲಿಪ್‌ಬೋರ್ಡ್ ಸಿಕ್ಕಿಹಾಕಿಕೊಂಡಿದೆ.

ಇಷ್ಟನ್ನೂ ನೋಡದೆ ‘ಫಾರ್ಮ್ಯಾಟ್ ಹೊಡೆಸಿಬಿಡಿ’ ಎನ್ನುವವರ ಮಾತು ಕೇಳಬೇಡಿ. ಕಾಪಿ-ಪೇಸ್ಟ್ ತೊಂದರೆಗೆ ವಿಂಡೋಸ್ ಹೊಸದಾಗಿ ಹಾಕಬೇಕಾದ ಸಂದರ್ಭ ತೀರಾ ಅಪರೂಪ. ಹಾಗೆ ಹಾಕಿಸಿ ನುಡಿ ಫಾಂಟು, ಟ್ಯಾಲಿ ಡೇಟಾ, ಪ್ರಿಂಟರ್ ಡ್ರೈವರ್ ಎಲ್ಲ ಕಳೆದುಕೊಳ್ಳುವವರೇ ಹೆಚ್ಚು.

ಕೀಬೋರ್ಡ್‌ನದೇ ದೋಷ ಎಂದು ಹೇಗೆ ಗೊತ್ತಾಗುತ್ತದೆ?

ವಿಂಡೋಸ್ ಕೀ, ಕಂಟ್ರೋಲ್, ಓ ಅಕ್ಷರ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೆ ಕೀಬೋರ್ಡ್‌ನ ಚಿತ್ರ ಬರುತ್ತದೆ. ಈಗ ನಿಜವಾದ ಕೀಬೋರ್ಡ್‌ನಲ್ಲಿ ಎಡಗಡೆಯ ಕಂಟ್ರೋಲ್ ಒತ್ತಿದರೆ ಚಿತ್ರದಲ್ಲೂ ಆ ಕೀ ಬಣ್ಣ ಬದಲಿಸಬೇಕು. ಸಿ, ವಿ, ಎಕ್ಸ್ ಕೀಗಳನ್ನೂ ಹೀಗೇ ನೋಡಿ. (ಎಡಗಡೆಯ ಕಂಟ್ರೋಲ್ ಸತ್ತಿದ್ದರೆ ಈ ಚಿತ್ರ ತೆರೆಯಲು ಬಲಗಡೆಯದನ್ನು ಬಳಸಿ.) ಕೈಬಿಟ್ಟ ಮೇಲೂ ಬಣ್ಣ ಹಾಗೇ ಉಳಿದರೆ ಕೀ ಅಂಟಿಕೊಂಡಿದೆ ಎಂದರ್ಥ. ಕಂಟ್ರೋಲ್ ಹಾಗೆ ಅಂಟಿಕೊಂಡರೆ ಇನ್ನೊಂದು ಅನಾಹುತವಿದೆ: ಎ ಒತ್ತಿದರೆ ಇಡೀ ಪುಟ ಸೆಲೆಕ್ಟ್ ಆಗುತ್ತದೆ, ಎಕ್ಸ್ ಒತ್ತಿದರೆ ಪುಟವೇ ಮಾಯವಾಗುತ್ತದೆ. ಗಾಬರಿಯಾಗದೆ ಕಂಟ್ರೋಲ್ + ಝಡ್ ಒತ್ತಿ ಹಿಂದಕ್ಕೆ ತನ್ನಿ.

ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಕೀಬೋರ್ಡ್ ಒಳಗಿನ ಪ್ಲಾಸ್ಟಿಕ್ ಹಾಳೆಯ ಮೇಲಿನ ಗೆರೆಗಳು ಕೆಡುತ್ತವೆ. ದಿನಕ್ಕೆ ಹೆಚ್ಚು ಸಲ ಒತ್ತಿಸಿಕೊಳ್ಳುವ ಎಡ ಕಂಟ್ರೋಲ್ ಮೊದಲು ಹೋಗುವುದುಂಟು. ಯುಎಸ್‌ಬಿ ಕೀಬೋರ್ಡ್ ಆದರೆ ವೈರ್ ಕಿತ್ತು, ತಲೆಕೆಳಗು ಮಾಡಿ ತಟ್ಟಿ, ಕೀ ಅಂಚಿಗೆ ಹತ್ತಿಕಡ್ಡಿಯಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಅರ್ಧ ಗಂಟೆ ಒಣಗಲು ಬಿಡಿ. ನೀರು ಬೇಡ. ಅಷ್ಟಕ್ಕೂ ಸರಿಹೋಗದಿದ್ದರೆ ಐನೂರು ರೂಪಾಯಿ ಆಸುಪಾಸಿನ ಹೊಸ ಕೀಬೋರ್ಡ್ ತರುವುದೇ ಲೇಸು. ಬಿಚ್ಚಿ ರಿಪೇರಿ ಮಾಡಿಸಿದ್ದು ಬಾಳಿಕೆ ಬರುವುದಿಲ್ಲ. ಅಲ್ಲಿಯವರೆಗೆ ಬಲಗಡೆಯ ಕಂಟ್ರೋಲ್ + ಇನ್ಸರ್ಟ್ ಕಾಪಿಗೆ, ಶಿಫ್ಟ್ + ಇನ್ಸರ್ಟ್ ಪೇಸ್ಟ್‌ಗೆ ನಡೆಯುತ್ತದೆ.

ಕೀ ಸರಿಯಿದ್ದೂ ಸ್ವಲ್ಪ ಹೊತ್ತು ಒತ್ತಿ ಹಿಡಿದಾಗ ಮಾತ್ರ ಕೆಲಸ ಮಾಡುತ್ತಿದ್ದರೆ ‘ಫಿಲ್ಟರ್ ಕೀಸ್’ ಆನ್ ಆಗಿರುತ್ತದೆ. ಬಲಗಡೆಯ ಶಿಫ್ಟ್ ಮೇಲೆ ಎಂಟು ಸೆಕೆಂಡ್ ಬೆರಳು ಊರಿದರೂ ಅದು ಆನ್ ಆಗಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ (ವಿಂಡೋಸ್ 10ರಲ್ಲಿ ‘ಈಸ್ ಆಫ್ ಆಕ್ಸೆಸ್’), ಅದರೊಳಗೆ ಕೀಬೋರ್ಡ್, ಅಲ್ಲಿ ಆಫ್ ಮಾಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಡ ಮೂಲೆಯಲ್ಲಿರುವುದು ಕಂಟ್ರೋಲ್ ಅಲ್ಲ, ಎಫ್‌ಎನ್ ಕೀ. ಅದನ್ನೂ ಒಮ್ಮೆ ನೋಡಿಕೊಳ್ಳಿ.

ಬೆಳಗ್ಗೆ ಸರಿ ಇತ್ತು, ಮಧ್ಯಾಹ್ನದ ಹೊತ್ತಿಗೆ ಪೇಸ್ಟ್ ನಿಂತಿತು. ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ. ಏಕೆ?

ವಿಂಡೋಸ್‌ನಲ್ಲಿ ಕ್ಲಿಪ್‌ಬೋರ್ಡನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ತೆರೆಯಬಹುದು. ತೆರೆದ ಪ್ರೋಗ್ರಾಂ ಮುಚ್ಚದೆ ಹಿಡಿದುಕೊಂಡರೆ ಉಳಿದವೆಲ್ಲ ಹೊರಗೆ ಕಾಯಬೇಕು. ‘ಕ್ಲಿಪ್‌ಬೋರ್ಡನ್ನು ಬೇರೊಂದು ಪ್ರೋಗ್ರಾಂ ಬಳಸುತ್ತಿರಬಹುದು’ ಎಂದು ಎಕ್ಸೆಲ್ ಇಂಗ್ಲಿಷಿನಲ್ಲಿ ಕೊಡುವ ಸಂದೇಶದ ಅರ್ಥ ಇದೇ. ಸಾಮಾನ್ಯವಾಗಿ ಹೀಗೆ ಹಿಡಿಯುವವು ಕ್ಲಿಪ್‌ಬೋರ್ಡ್ ಮ್ಯಾನೇಜರ್‌ಗಳು, ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಂಥ ಪ್ರೋಗ್ರಾಂಗಳು, ಕಾಪಿ ಮಾಡಿದ ಕೊಂಡಿಗಳನ್ನೆಲ್ಲ ಗಮನಿಸುವ ಡೌನ್‌ಲೋಡ್ ಮ್ಯಾನೇಜರ್‌ಗಳು.

ಗಡಿಯಾರದ ಪಕ್ಕದ ಪುಟ್ಟ ಚಿಹ್ನೆಗಳಲ್ಲಿ ಇಂಥವು ಕೂತಿವೆಯೇ ನೋಡಿ ಒಂದೊಂದಾಗಿ ಮುಚ್ಚಿ. ಪ್ರತಿ ಸಲ ನೋಟ್‌ಪ್ಯಾಡ್ ಪರೀಕ್ಷೆ ಮಾಡಿ. ಯಾವುದನ್ನು ಮುಚ್ಚಿದಾಗ ಸರಿಹೋಯಿತೋ ಅದೇ ಕಾರಣ. ಸುಳಿವು ಸಿಗದಿದ್ದರೆ ಕಂಟ್ರೋಲ್ + ಶಿಫ್ಟ್ + ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ‘ವಿಂಡೋಸ್ ಎಕ್ಸ್‌ಪ್ಲೋರರ್’ ಮೇಲೆ ಬಲಗುಂಡಿ ಒತ್ತಿ ರೀಸ್ಟಾರ್ಟ್ ಕೊಡಿ. ಪರದೆ ಒಂದೆರಡು ಸೆಕೆಂಡ್ ಖಾಲಿಯಾಗಿ ಮತ್ತೆ ಬರುತ್ತದೆ. ತೆರೆದಿಟ್ಟ ವರ್ಡ್, ಎಕ್ಸೆಲ್ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಇನ್ನೊಂದು ಕಾರಣವನ್ನು ಬಹಳ ಜನ ಗಮನಿಸುವುದಿಲ್ಲ. ಕಾಪಿ ಕೊಟ್ಟಾಗ ಎಷ್ಟೋ ಪ್ರೋಗ್ರಾಂಗಳು ವಿಷಯವನ್ನು ಪೂರ್ತಿಯಾಗಿ ಕ್ಲಿಪ್‌ಬೋರ್ಡ್‌ಗೆ ಹಾಕುವುದಿಲ್ಲ, ‘ಕೇಳಿದಾಗ ಕೊಡುತ್ತೇನೆ’ ಎಂದಷ್ಟೇ ತಿಳಿಸಿರುತ್ತವೆ. ಮೂಲ ಫೈಲನ್ನು ಮುಚ್ಚಿದರೆ ಕೊಡುವವರೇ ಇಲ್ಲ. ದೊಡ್ಡ ಪಟ್ಟಿ, ಚಿತ್ರ ಸಾಗಿಸುವಾಗ ಪೇಸ್ಟ್ ಆಗುವವರೆಗೂ ಮೂಲ ಫೈಲ್ ತೆರೆದೇ ಇರಲಿ.

ಒಂದು ಕಾಪಿ ಮಾಡಿ ಇನ್ನೊಂದು ಕಾಪಿ ಮಾಡಿದೆ. ಮೊದಲಿನದು ಹೋಯಿತೇ?

ಕ್ಲಿಪ್‌ಬೋರ್ಡ್ ಹಿಸ್ಟರಿ (ಹಿಂದಿನ ಕಾಪಿಗಳ ಪಟ್ಟಿ) ಆನ್ ಇದ್ದಿದ್ದರೆ ಹೋಗಿಲ್ಲ. ವಿಂಡೋಸ್ ಕೀ + ವಿ ಒತ್ತಿ. 2018ರ ಅಕ್ಟೋಬರ್ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ ಈ ಸೌಲಭ್ಯ ಇದೆ. ಮೊದಲ ಸಲ ‘ಟರ್ನ್ ಆನ್’ ಒತ್ತಬೇಕು, ಅಲ್ಲಿಂದಾಚೆಗಿನದು ಮಾತ್ರ ಉಳಿಯುತ್ತದೆ. ಕೊನೆಯ 25 ಕಾಪಿಗಳು ಸಿಗುತ್ತವೆ, ಒಂದೊಂದು 4 ಎಂಬಿ ಮೀರಬಾರದು. ಕಂಪ್ಯೂಟರ್ ಆರಿಸಿದರೆ ಪಟ್ಟಿ ಅಳಿಯುತ್ತದೆ, ಪಿನ್ ಮಾಡಿದ್ದು ಮಾತ್ರ ಉಳಿಯುತ್ತದೆ. ಕಾಪಿ ಮಾಡಿದ ಫೈಲ್‌ಗಳು ಈ ಪಟ್ಟಿಗೆ ಸೇರುವುದಿಲ್ಲ. ಅಕ್ಷರ, ಚಿತ್ರ ಮಾತ್ರ.

ಹಿಸ್ಟರಿ ಆನ್ ಇರಲಿಲ್ಲ, ವರ್ಡ್‌ನಲ್ಲಿ ಕಟ್ ಮಾಡಿದ್ದ ಪ್ಯಾರಾ ಕಳೆದಿದೆ ಎಂದಾದರೆ ಅದು ಹಿಂದಕ್ಕೆ ಬರುವವರೆಗೆ ಕಂಟ್ರೋಲ್ + ಝಡ್.

ನಮ್ಮದು ಸೈಬರ್ ಸೆಂಟರ್. ಹಿಸ್ಟರಿ ಆನ್ ಇಡಬಹುದೇ?

ದಯವಿಟ್ಟು ಇಡಬೇಡಿ. ಬೆಳಗ್ಗೆ ಬಂದವರ ಆಧಾರ್ ಸಂಖ್ಯೆ, ಪಾಸ್‌ವರ್ಡ್, ಖಾತೆ ಸಂಖ್ಯೆಯನ್ನು ಸಂಜೆ ಬಂದವರು ಎರಡು ಕೀ ಒತ್ತಿ ಓದಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಕ್ಲಿಪ್‌ಬೋರ್ಡ್ ಎಂದು ಹೋಗಿ ಹಿಸ್ಟರಿ ಆಫ್ ಮಾಡಿ, ಅಲ್ಲೇ ಇರುವ ‘ಕ್ಲಿಯರ್’ ಒತ್ತಿ. ಪಿನ್ ಮಾಡಿದವು ಕ್ಲಿಯರ್‌ಗೆ ಜಗ್ಗುವುದಿಲ್ಲ. ಆಫ್ ಮಾಡುವ ಮೊದಲೇ ಅವುಗಳ ಪಿನ್ ತೆಗೆದು ಅಳಿಸಿ. ಅದೇ ಪುಟದಲ್ಲಿ ಬೇರೆ ಸಾಧನಗಳಿಗೆ ಹಂಚುವ ‘ಸಿಂಕ್’ ಕೂಡ ಆಫ್ ಇರಲಿ. ಹಿಸ್ಟರಿ ಇಲ್ಲದಿದ್ದರೂ ಕೊನೆಯ ಕಾಪಿ ಕ್ಲಿಪ್‌ಬೋರ್ಡ್‌ನಲ್ಲೇ ಇರುತ್ತದೆ. ಹಾಗಾಗಿ ಒಬ್ಬರ ಕೆಲಸ ಮುಗಿದ ಮೇಲೆ ಬೇರೇನಾದರೂ ಒಂದು ಪದ ಕಾಪಿ ಮಾಡಿಬಿಡಿ.

ನುಡಿಯಲ್ಲಿ ಟೈಪ್ ಮಾಡಿದ್ದನ್ನು ವಾಟ್ಸ್‌ಆಪ್‌ಗೆ, ಜಾಲತಾಣಕ್ಕೆ ಹಾಕಿದರೆ ಅರ್ಥವಾಗದ ಇಂಗ್ಲಿಷ್ ಬರುತ್ತದೆ.

ಬಂದೇ ಬರುತ್ತದೆ. ‘ನುಡಿ 01 ಇ’ಯಂಥ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಕೂತಿರುವುದು ಕನ್ನಡ ಅಕ್ಷರವೇ ಅಲ್ಲ. ‘ಕನ್ನಡ’ ಎಂದು ಬರೆದರೆ ಒಳಗೆ ಪಿ ಅಕ್ಷರ, ತಲೆ ಮೇಲೆ ಓರೆಗೀಟು ಹೊತ್ತ ಎ ಅಕ್ಷರ, ಪೌಂಡ್ ಹಣದ ಚಿಹ್ನೆ ಹೀಗೆ ಸಾಲಾಗಿ ಇರುತ್ತವೆ. ಅವುಗಳಿಗೆ ಕನ್ನಡದ ರೂಪ ತೊಡಿಸುವುದು ಫಾಂಟು. ವಾಟ್ಸ್‌ಆಪ್‌ನಲ್ಲಿ ಆ ಫಾಂಟು ಇಲ್ಲ, ಹಾಗಾಗಿ ಒಳಗಿದ್ದದ್ದು ಇದ್ದ ಹಾಗೆ ಕಾಣುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ಹಾಗಲ್ಲ, ಕ ಎಂದರೆ ಎಲ್ಲ ಕಡೆಯೂ ಕ.

ಎಲ್ಲಿಗೆ ಪೇಸ್ಟ್ ಮಾಡುತ್ತೀರಿ ಎಂಬುದರ ಮೇಲೆ ಪರಿಹಾರ ಬೇರೆ ಬೇರೆ. ಒಂದು ವರ್ಡ್ ಫೈಲ್‌ನಿಂದ ಇನ್ನೊಂದು ವರ್ಡ್ ಫೈಲ್‌ಗಾದರೆ ‘ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್’ ಆರಿಸಿ. ‘ಕೀಪ್ ಟೆಕ್ಸ್ಟ್ ಓನ್ಲಿ’ ಕೊಟ್ಟರೆ ಫಾಂಟು ಕಳಚಿ ಇಂಗ್ಲಿಷ್ ಗೋಜಲು ಹೊರಗೆ ಬರುತ್ತದೆ. ಹಾಗಾಗಿದ್ದರೂ ಹೆದರಬೇಕಿಲ್ಲ: ಆ ಭಾಗ ಸೆಲೆಕ್ಟ್ ಮಾಡಿ ಮತ್ತೆ ನುಡಿ ಫಾಂಟು ಕೊಟ್ಟರೆ ಕನ್ನಡ ಮರಳುತ್ತದೆ.

ವಾಟ್ಸ್‌ಆಪ್, ಇಮೇಲ್, ಅರ್ಜಿಯ ಜಾಲತಾಣಕ್ಕಾದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ‘ನುಡಿ’ ತಂತ್ರಾಂಶದಲ್ಲೂ ‘ಬರಹ’ ತಂತ್ರಾಂಶದಲ್ಲೂ ಪರಿವರ್ತಕ ಇದೆ. ಕನ್ನಡ ಭಾಗವನ್ನು ಮಾತ್ರ ಪರಿವರ್ತಕಕ್ಕೆ ಕೊಡಿ. ನಡುವೆ ಟೈಮ್ಸ್ ನ್ಯೂ ರೋಮನ್‌ನಲ್ಲಿ ಇಂಗ್ಲಿಷ್ ಹೆಸರೋ ಇಮೇಲ್ ವಿಳಾಸವೋ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದು ತಿಳಿದು ಕೆಡಿಸುತ್ತದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳು, ಎರಡೆರಡು ಒತ್ತಕ್ಷರ ಸೇರಿದ ಪದಗಳು, ಊರಿನ ಮತ್ತು ವ್ಯಕ್ತಿಗಳ ಹೆಸರುಗಳನ್ನು ಕಣ್ಣಿಟ್ಟು ಓದಿ. ತಪ್ಪು ನುಸುಳುವುದು ಅಲ್ಲೇ.

ಲಗ್ನಪತ್ರಿಕೆಗೆ ವಾಟ್ಸ್‌ಆಪ್‌ನಲ್ಲಿ ಬಂದ ವಿಷಯವನ್ನು ಪೇಜ್‌ಮೇಕರ್‌ಗೆ ಹಾಕಲು ಆಗುತ್ತಿಲ್ಲ.

ಇದು ಮೇಲಿನದರ ಉಲ್ಟಾ. 2001ರಲ್ಲಿ ಬಂದ, ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್ 7ಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಗ್ರಾಹಕರು ಮೊಬೈಲಿನಿಂದ ಕಳಿಸುವುದೆಲ್ಲ ಯೂನಿಕೋಡ್. ಅದೇ ಪರಿವರ್ತಕದಲ್ಲಿ ಯೂನಿಕೋಡ್‌ನಿಂದ ಆಸ್ಕಿಗೆ (ನುಡಿಯ ಹಳೆಯ ಫಾಂಟುಗಳ ಸಂಕೇತಕ್ಕೆ) ಬದಲಿಸಿ, ಪೇಸ್ಟ್ ಮಾಡಿ, ನುಡಿ ಫಾಂಟು ಕೊಡಿ. ಫೋಟೊಶಾಪ್‌ನ ಕೆಲವು ವರ್ಷ ಹಿಂದಿನ ಆವೃತ್ತಿಗಳಲ್ಲಿ ಯೂನಿಕೋಡ್ ಪೇಸ್ಟ್ ಆಗಿಯೂ ಒತ್ತಕ್ಷರಗಳು ಕೆಳಗೆ ಸೇರದೆ ಪಕ್ಕಕ್ಕೆ ಬಿಡಿಬಿಡಿಯಾಗಿ ನಿಂತರೆ ಪ್ರಿಫರೆನ್ಸಸ್‌ನ ಟೈಪ್ ಪುಟದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ. ಇನ್ನೂ ಹಿಂದಿನ ಆವೃತ್ತಿಗಳಲ್ಲಿ ಅದರ ಹೆಸರು ‘ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪಟ್ಟಿಯಿಂದ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಬೇಕು.

ಕೆಲವೊಮ್ಮೆ ಚೌಕ ಬರುತ್ತದೆ, ಕೆಲವೊಮ್ಮೆ ಪ್ರಶ್ನಾರ್ಥಕ ಚಿಹ್ನೆ. ಎರಡೂ ಒಂದೇನಾ?

ಅಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಖಾಲಿ ಚೌಕ ಬಂದರೆ ಅಕ್ಷರ ಒಳಗೆ ಸುರಕ್ಷಿತವಾಗಿದೆ, ತೋರಿಸಲು ಫಾಂಟಿಲ್ಲ ಅಷ್ಟೆ. ವಿಂಡೋಸ್‌ನ ಜೊತೆ ಬರುವ ‘ನಿರ್ಮಲಾ ಯುಐ’ ಅಥವಾ ಹಳೆಯ ‘ತುಂಗಾ’ ಫಾಂಟು ಕೊಡಿ, ಕಾಣುತ್ತದೆ. ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಸಂಕೇತ ಬೇರೆಯಾಗಿದೆ, ಪರಿವರ್ತಿಸಿ ಸರಿಮಾಡಬಹುದು. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಬಂದರೆ ಅಕ್ಷರ ನಿಜವಾಗಿ ಅಳಿದುಹೋಗಿದೆ. ಯಾವ ಫಾಂಟು ಹಾಕಿದರೂ ಬಾರದು. ಫೈಲನ್ನು ಸೇವ್ ಮಾಡದೆ ಮುಚ್ಚಿ ಮೂಲದಿಂದ ಮತ್ತೆ ಕಾಪಿ ಮಾಡಿ.

ಹೀಗೆ ಅಳಿಯುವುದು ಸಾಮಾನ್ಯವಾಗಿ ಎರಡು ಕಡೆ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ಎನ್‌ಕೋಡಿಂಗ್ ‘ಆನ್ಸಿ’ ಎಂದಿದ್ದರೆ ಕನ್ನಡ ಹೋಗುತ್ತದೆ, ‘ಯುಟಿಎಫ್-8’ ಇರಬೇಕು. ವರ್ಡ್‌ನಲ್ಲಿ ಪೇಸ್ಟ್ ಸ್ಪೆಷಲ್ ತೆರೆದು ಬರಿಯ ‘ಅನ್‌ಫಾರ್ಮ್ಯಾಟೆಡ್ ಟೆಕ್ಸ್ಟ್’ ಆರಿಸಿದರೂ ಹೀಗಾಗಬಹುದು. ಅದರ ಪಕ್ಕದಲ್ಲೇ ಇರುವ ‘ಅನ್‌ಫಾರ್ಮ್ಯಾಟೆಡ್ ಯೂನಿಕೋಡ್ ಟೆಕ್ಸ್ಟ್’ ಕನ್ನಡಕ್ಕೆ ಸರಿ.

ಎರಡು ಹೆಸರು ನೋಡಲು ಒಂದೇ ಥರ ಇವೆ. ಆದರೂ ಹುಡುಕಿದರೆ ಸಿಗುವುದಿಲ್ಲ, ಅರ್ಜಿಯಲ್ಲಿ ‘ತಪ್ಪು ಅಕ್ಷರ’ ಎನ್ನುತ್ತದೆ.

ಕಣ್ಣಿಗೆ ಕಾಣದ ಅಕ್ಷರ ಸೇರಿಕೊಂಡಿದೆ. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ಜ್ ಮತ್ತು ಕು ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ತಡೆಯಲು ನಡುವೆ ಸೊನ್ನೆ ಅಗಲದ ಒಂದು ಸಂಕೇತ ಇರುತ್ತದೆ. ‘ರ‍್ಯಾಂಕ್’ ಎಂಬಲ್ಲಿ ಬೇರೊಂದು. ಇವು ಕನ್ನಡಕ್ಕೆ ಬೇಕಾದವೇ, ಆದರೆ ಕೆಲವು ಜಾಲತಾಣಗಳು ಒಪ್ಪುವುದಿಲ್ಲ. ಇನ್ನು ಕೆಲವು ಸಲ ಪದದ ಕೊನೆಯಲ್ಲಿ ಬೇಡದ ಕಡೆಯೂ ಕಾಪಿಯೊಂದಿಗೆ ಬಂದು ಕೂರುತ್ತವೆ. ಅನುಮಾನ ಬಂದರೆ ಎರಡೂ ಹೆಸರನ್ನು ಎಕ್ಸೆಲ್‌ನ ಎರಡು ಮನೆಗಳಲ್ಲಿ (ಸೆಲ್) ಹಾಕಿ ‘ಲೆನ್’ ಸೂತ್ರದಿಂದ ಉದ್ದ ಎಣಿಸಿ. ಸಂಖ್ಯೆ ಬೇರೆಯಾದರೆ ಅನುಮಾನ ನಿಜ. ಅಂಥ ಹೆಸರನ್ನು ಕೈಯಲ್ಲೇ ಮತ್ತೆ ಟೈಪ್ ಮಾಡಿ. ನೋಟ್‌ಪ್ಯಾಡ್‌ಗೆ ಹಾಕಿ ತೆಗೆದರೆ ಈ ಸಂಕೇತ ಹೋಗುವುದಿಲ್ಲ.

ವೆಬ್‌ಪುಟದಿಂದ ವರ್ಡ್‌ಗೆ ತಂದರೆ ಬಣ್ಣ, ಪಟ್ಟಿ, ಕೊಂಡಿ ಎಲ್ಲ ಬರುತ್ತದೆ.

ಯೂನಿಕೋಡ್ ಬರಹವಾದರೆ ಕಂಟ್ರೋಲ್ + ಶಿಫ್ಟ್ + ವಿ. ಕ್ರೋಮ್, ಗೂಗಲ್ ಡಾಕ್ಸ್, ಮೈಕ್ರೋಸಾಫ್ಟ್ 365ರ ಈಚಿನ ವರ್ಡ್ ಎಲ್ಲದರಲ್ಲೂ ಬರಿಯ ಅಕ್ಷರ ಬರುತ್ತದೆ. ವರ್ಡ್ 2016ರಂಥ ಹಳೆಯದರಲ್ಲಿ ಕಂಟ್ರೋಲ್ + ಆಲ್ಟ್ + ವಿ ಒತ್ತಿ, ಮೇಲೆ ಹೇಳಿದ ಯೂನಿಕೋಡ್ ಆಯ್ಕೆ ಹಿಡಿಯಿರಿ.

ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಒತ್ತಕ್ಷರ, ದೀರ್ಘ ಎಲ್ಲ ಕಲಸುಮೇಲೋಗರ.

ಪಿಡಿಎಫ್ ಪುಟದ ರೂಪವನ್ನು ಕಾಪಾಡುವ ಫೈಲು. ಒಳಗೆ ಇರುವುದು ಅಕ್ಷರದ ಆಕಾರಗಳು; ಯಾವ ಆಕಾರ ಯಾವ ಅಕ್ಷರ ಎಂಬ ನಕ್ಷೆಯನ್ನು ಪಿಡಿಎಫ್ ಮಾಡಿದ ಪ್ರೋಗ್ರಾಂ ಸರಿಯಾಗಿ ಸೇರಿಸಿರದಿದ್ದರೆ ಕಾಪಿ ಮಾಡಿದಾಗ ಚೂರುಚೂರು ಬರುತ್ತದೆ. ನುಡಿಯಲ್ಲಿ ತಯಾರಾದ ಸುತ್ತೋಲೆಯಾದರೆ ಪರಿವರ್ತಕ ಒಂದಿಷ್ಟು ಸರಿಮಾಡೀತು. ಉಳಿದವಕ್ಕೆ ಚಿತ್ರದಿಂದ ಅಕ್ಷರ ಓದಿಸುವುದೇ ದಾರಿ: ಫೈಲನ್ನು ಗೂಗಲ್ ಡ್ರೈವ್‌ಗೆ ಹಾಕಿ, ಬಲಗುಂಡಿ ಒತ್ತಿ, ‘ಓಪನ್ ವಿತ್’ನಲ್ಲಿ ಗೂಗಲ್ ಡಾಕ್ಸ್ ಆರಿಸಿ. ಫೈಲ್ 2 ಎಂಬಿ ಒಳಗಿರಲಿ, ಪುಟ ನೆಟ್ಟಗಿರಲಿ, ಅಕ್ಷರ ಮಸುಕಾಗಿರಬಾರದು. ಕನ್ನಡವನ್ನು ಅದು ಚೆನ್ನಾಗಿಯೇ ಓದುತ್ತದೆ. ಕೋಷ್ಟಕ ಇದ್ದರೆ ಮಾತ್ರ ಸಾಲು-ಕಾಲಂ ಕದಡುತ್ತದೆ. ಅಂಕಿಗಳನ್ನು ಮೂಲದೊಂದಿಗೆ ತಾಳೆ ನೋಡದೆ ಬಳಸಬೇಡಿ. ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತದಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಹೀಗೆ ಓದಿಸಿದಾಗ ಅದು ಇಂಗ್ಲಿಷ್‌ನ ಓ ಆಗಿ ಬರುವ ಸಂಭವ ಹೆಚ್ಚು.

ಎಕ್ಸೆಲ್‌ಗೆ ಪಹಣಿ ಪಟ್ಟಿ ಪೇಸ್ಟ್ ಮಾಡಿದರೆ ಸರ್ವೆ ನಂಬರ್ ತಾರೀಕಾಗುತ್ತದೆ.

12/3 ಎಂಬ ಸರ್ವೆ ನಂಬರನ್ನು ಎಕ್ಸೆಲ್ ಮಾರ್ಚ್ 12 ಎಂದು ಓದುತ್ತದೆ. ಎರಡು ಎಕರೆ ಹತ್ತು ಗುಂಟೆಯನ್ನು 2-10 ಎಂದು ಬರೆದಿದ್ದರೆ ಅಕ್ಟೋಬರ್ 2. 2/45 ಆದರೆ ‘ಫೆಬ್-45’, ತಿಂಗಳು ಮತ್ತು ವರ್ಷ. ಆದರೆ 45/2 ಯಾವ ತಾರೀಕಿಗೂ ಹೊಂದದ ಕಾರಣ ಹಾಗೇ ಉಳಿಯುತ್ತದೆ. ಇದೇ ಅಪಾಯ: ಪಟ್ಟಿಯ ಅರ್ಧ ಸರಿ ಇರುತ್ತದೆ, ಅರ್ಧ ಕೆಟ್ಟಿರುತ್ತದೆ, ಮೇಲಿಂದ ಕಣ್ಣಾಡಿಸಿದವರಿಗೆ ತಿಳಿಯುವುದಿಲ್ಲ.

ತಾರೀಕಾದ ಮೇಲೆ ಆ ಮನೆಗೆ ‘ಟೆಕ್ಸ್ಟ್’ ಎಂದು ಕೊಟ್ಟರೆ ಐದಂಕಿಯ ಸಂಖ್ಯೆ ಬರುತ್ತದೆ. 2025ರಲ್ಲಿ ಪೇಸ್ಟ್ ಮಾಡಿದ 12/3 ಆಗ 45728 ಆಗುತ್ತದೆ. ಎಕ್ಸೆಲ್ 1900ರಿಂದ ಎಣಿಸಿಟ್ಟ ದಿನಗಳ ಲೆಕ್ಕ ಅದು. ಹಾಗಾಗಿ ಪೇಸ್ಟ್ ಮಾಡುವ ಮೊದಲೇ ಕೆಲಸ ಮಾಡಬೇಕು:

1. ಖಾಲಿ ಶೀಟಿನಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಖಾತೆ ಸಂಖ್ಯೆ ಬರುವ ಕಾಲಂಗಳನ್ನು ತಲೆಯ ಅಕ್ಷರ ಒತ್ತಿ ಪೂರ್ತಿ ಸೆಲೆಕ್ಟ್ ಮಾಡಿ.
2. ಕಂಟ್ರೋಲ್ + 1 ಒತ್ತಿ, ‘ಟೆಕ್ಸ್ಟ್’ ಆರಿಸಿ, ಓಕೆ ಕೊಡಿ.
3. ಈಗ ನೇರವಾಗಿ ಕಂಟ್ರೋಲ್ + ವಿ ಒತ್ತಬೇಡಿ. ವೆಬ್‌ಪುಟದಿಂದಲೋ ವರ್ಡ್‌ನಿಂದಲೋ ಬರುವ ಪಟ್ಟಿ ತನ್ನ ಫಾರ್ಮ್ಯಾಟನ್ನೂ ಹೊತ್ತು ತಂದು ನಿಮ್ಮ ‘ಟೆಕ್ಸ್ಟ್’ ಅನ್ನು ಅಳಿಸುತ್ತದೆ. ಬಲಗುಂಡಿ ಒತ್ತಿ ‘ಮ್ಯಾಚ್ ಡೆಸ್ಟಿನೇಷನ್ ಫಾರ್ಮ್ಯಾಟಿಂಗ್’ ಆರಿಸಿ.

ಒಂದೆರಡೇ ಇದ್ದರೆ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಿ ಟೈಪ್ ಮಾಡಿದರೆ ಸಾಕು. ಈಗಾಗಲೇ ಕೆಟ್ಟಿರುವ ಪಟ್ಟಿಯನ್ನು ಸೂತ್ರ ಹಾಕಿ ಹಿಂದಕ್ಕೆ ತರುವ ಪ್ರಯತ್ನ ಬೇಡ. 12/3 ಮತ್ತು 2/45 ಬೇರೆ ಬೇರೆ ರೀತಿಯಲ್ಲಿ ಕೆಟ್ಟಿವೆ, ಒಂದೇ ಸೂತ್ರ ಎರಡಕ್ಕೂ ಹೊಂದುವುದಿಲ್ಲ. ಜಮೀನಿನ ವಿಷಯದಲ್ಲಿ ಊಹೆ ಸಲ್ಲದು, ಮೂಲ ಪಹಣಿಯಿಂದಲೇ ಮತ್ತೆ ತನ್ನಿ.

ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆ ಆಗಿದೆ. ಮೊದಲಿನ ಸೊನ್ನೆ ಹೋಗಿದೆ.

ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನೆನಪಿಡುತ್ತದೆ. 1234567890123456 ಎಂದು ಪೇಸ್ಟ್ ಮಾಡಿದರೆ 1234567890123450 ಆಗುತ್ತದೆ, ಎಚ್ಚರಿಕೆಯ ಸಂದೇಶವೇನೂ ಇಲ್ಲದೆ. 12 ಅಂಕಿಯ ಆಧಾರ್ ಸಂಖ್ಯೆ 1.23457ಇ+11 ಎಂಬಂತೆ ಕಾಣುತ್ತದೆ, ಆದರೆ ಒಳಗೆ ಪೂರ್ತಿ ಇರುತ್ತದೆ. ಫಾರ್ಮ್ಯಾಟನ್ನು ‘ನಂಬರ್’ಗೆ ಬದಲಿಸಿ ದಶಮಾಂಶ ಸೊನ್ನೆ ಮಾಡಿದರೆ ಕಾಣುತ್ತದೆ. 16 ಅಂಕಿ ಅಥವಾ ಹೆಚ್ಚಿನ ಖಾತೆ ಸಂಖ್ಯೆಯಾದರೆ ಹೋದದ್ದು ಹೋಯಿತು. ಮೇಲೆ ಹೇಳಿದ ಮೂರು ಹೆಜ್ಜೆಯೇ ಇದಕ್ಕೂ ಮದ್ದು. ಮೈಕ್ರೋಸಾಫ್ಟ್ 365 ಇದ್ದರೆ ಆಪ್ಷನ್ಸ್‌ನ ಡೇಟಾ ಪುಟದಲ್ಲಿ ‘ಆಟೊಮ್ಯಾಟಿಕ್ ಡೇಟಾ ಕನ್ವರ್ಷನ್’ ಎಂಬ ಭಾಗವಿದೆ. ಅಲ್ಲಿ ಮೊದಲಿನ ಸೊನ್ನೆ ತೆಗೆಯುವುದನ್ನೂ 15 ಅಂಕಿಗೆ ಮೊಟಕು ಮಾಡುವುದನ್ನೂ ನಿಲ್ಲಿಸಬಹುದು. ಆದರೆ 12/3 ತಾರೀಕಾಗುವುದನ್ನು ಅದು ತಡೆಯುವುದಿಲ್ಲ.

ಹಣ ವರ್ಗಾವಣೆಗೆ ಹೋಗುವ ಪಟ್ಟಿಯಲ್ಲಿ ಪ್ರತಿ ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಪಾಸ್‌ಬುಕ್ ನೋಡಿ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ. ಇದಕ್ಕೆ ಬದಲಿ ಯಾವ ಸಾಫ್ಟ್‌ವೇರೂ ಇಲ್ಲ.

ಫಿಲ್ಟರ್ ಹಾಕಿ ಪೇಸ್ಟ್ ಮಾಡಿದೆ. ಬೇರೆ ಸಾಲುಗಳೂ ಬದಲಾಗಿವೆ!

ಫಿಲ್ಟರ್ ಹಾಕಿ ಬೇಲೂರು ತಾಲ್ಲೂಕಿನ ಸಾಲುಗಳನ್ನಷ್ಟೇ ತೋರಿಸಿಕೊಂಡು ಅಲ್ಲಿಗೆ ಉದ್ದ ಪಟ್ಟಿ ಪೇಸ್ಟ್ ಮಾಡಿದರೆ, ನಡುವೆ ಅಡಗಿರುವ ಅರಸೀಕೆರೆ, ಆಲೂರಿನ ಸಾಲುಗಳ ಮೇಲೂ ಬೀಳುತ್ತದೆ. ಕೂಡಲೇ ಕಂಟ್ರೋಲ್ + ಝಡ್. ಫಿಲ್ಟರ್ ತೆಗೆದು, ತಾಲ್ಲೂಕಿನ ಪ್ರಕಾರ ಸಾರ್ಟ್ ಮಾಡಿ ಸಾಲುಗಳನ್ನು ಒಟ್ಟಿಗೆ ತಂದು, ಆಮೇಲೆ ಪೇಸ್ಟ್ ಮಾಡಿ. ಅಡಗಿಸಿಟ್ಟ ಸಾಲುಗಳನ್ನು ಬಿಟ್ಟು ಕಾಪಿ ಮಾಡಬೇಕಾದಾಗ ಸೆಲೆಕ್ಟ್ ಮಾಡಿದ ಮೇಲೆ ಆಲ್ಟ್ + ಅರ್ಧವಿರಾಮ ಒತ್ತಿ, ನಂತರ ಕಾಪಿ ಕೊಡಿ.

ವೆಬ್‌ನಿಂದ ತಂದ ಕಾಫಿ ದರಗಳ ಮೊತ್ತ ಕೂಡಿದರೆ ಸೊನ್ನೆ ಬರುತ್ತದೆ ಎಂಬ ದೂರೂ ಇದೆ. ಅಂಕಿಯ ಜೊತೆ ‘ಮುರಿಯದ ಜಾಗ’ ಎಂಬ ಸಂಕೇತ ಬಂದಿರುತ್ತದೆ. ‘ಟ್ರಿಮ್’ ಸೂತ್ರ ಅದನ್ನು ತೆಗೆಯುವುದಿಲ್ಲ. ಕಂಟ್ರೋಲ್ + ಎಚ್ ಒತ್ತಿ, ಮೇಲಿನ ಪೆಟ್ಟಿಗೆಯಲ್ಲಿ ಆಲ್ಟ್ ಹಿಡಿದು ಬಲಗಡೆಯ ಅಂಕಿಪಟ್ಟಿಯಿಂದ 0160 ಒತ್ತಿ, ಕೆಳಗಿನದನ್ನು ಖಾಲಿ ಬಿಟ್ಟು ‘ರಿಪ್ಲೇಸ್ ಆಲ್’ ಕೊಡಿ.

ಆನ್‌ಲೈನ್ ಅರ್ಜಿಯಲ್ಲಿ ಪೇಸ್ಟ್ ಆಗುವುದಿಲ್ಲ.

ಖಾತೆ ಸಂಖ್ಯೆಯನ್ನು ಎರಡನೇ ಸಲ ಕೇಳುವ ಪೆಟ್ಟಿಗೆಯಲ್ಲಿ ಬೇಕೆಂದೇ ಪೇಸ್ಟ್ ತಡೆದಿರುತ್ತಾರೆ. ಅದು ನಿಮ್ಮ ಒಳ್ಳೆಯದಕ್ಕೇ, ಟೈಪ್ ಮಾಡಿ. ಬೇರೆ ಕಡೆ ಪೇಸ್ಟ್ ಆಗಿಯೂ ‘ಈ ಜಾಗ ಖಾಲಿ ಇದೆ’ ಎನ್ನುತ್ತಿದ್ದರೆ, ಪುಟ ನಿಮ್ಮ ಪೇಸ್ಟನ್ನು ಗಮನಿಸಿಲ್ಲ. ಕೊನೆಯಲ್ಲಿ ಒಂದು ಜಾಗ ಬಿಟ್ಟು ಅದನ್ನೇ ಅಳಿಸಿ, ಟ್ಯಾಬ್ ಒತ್ತಿ ಮುಂದೆ ಹೋಗಿ.

‘ನೀವು ಮನುಷ್ಯರೆಂದು ಸಾಬೀತುಪಡಿಸಲು ವಿಂಡೋಸ್ + ಆರ್, ಕಂಟ್ರೋಲ್ + ವಿ, ಎಂಟರ್ ಒತ್ತಿ’ ಎಂದು ಒಂದು ಪುಟ ಹೇಳುತ್ತಿದೆ. ಒತ್ತಬಹುದೇ?

ಒತ್ತಲೇಬೇಡಿ. ಆ ಪುಟ ನಿಮಗೆ ತಿಳಿಯದಂತೆ ಕ್ಲಿಪ್‌ಬೋರ್ಡ್‌ಗೆ ಒಂದು ಆಜ್ಞೆಯನ್ನು ಹಾಕಿರುತ್ತದೆ. ಆ ಮೂರು ಹೆಜ್ಜೆಯಿಂದ ಕಳ್ಳ ಪ್ರೋಗ್ರಾಂ ನಿಮ್ಮ ಕೈಯಿಂದಲೇ ಚಾಲೂ ಆಗುತ್ತದೆ. ನಿಜವಾದ ಯಾವ ಪರೀಕ್ಷೆಯೂ ವಿಂಡೋಸ್ + ಆರ್ ಒತ್ತಲು ಹೇಳುವುದಿಲ್ಲ. ಒತ್ತಿಬಿಟ್ಟಿದ್ದರೆ ಇಂಟರ್‌ನೆಟ್ ಕಡಿದು, ಬೇರೊಂದು ಸಾಧನದಿಂದ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕಾಪಿ ಮಾಡಿದ ಕ್ರಿಪ್ಟೊ ವಿಳಾಸವನ್ನು ಪೇಸ್ಟ್ ಮಾಡುವ ಹೊತ್ತಿಗೆ ಬದಲಿಸುವ ವೈರಸ್‌ಗಳೂ ಇವೆ. ಕಾಪಿ ಮಾಡಿದ್ದೇ ಒಂದು, ಬಂದದ್ದೇ ಇನ್ನೊಂದು ಎಂದಾದರೆ ಆ ಕಂಪ್ಯೂಟರ್‌ನಲ್ಲಿ ಹಣದ ವ್ಯವಹಾರ ನಿಲ್ಲಿಸಿ, ವಿಂಡೋಸ್ ಸೆಕ್ಯುರಿಟಿಯಿಂದ ಪೂರ್ತಿ ಸ್ಕ್ಯಾನ್ ಮಾಡಿಸಿ.

ಪೆನ್‌ಡ್ರೈವ್‌ಗೆ ಫೈಲ್ ಕಾಪಿ ಆಗುತ್ತಿಲ್ಲ.

ಮದುವೆ ವಿಡಿಯೊದಂಥ 4 ಜಿಬಿ ಮೀರಿದ ಒಂದೇ ಫೈಲಾದರೆ, ಪೆನ್‌ಡ್ರೈವ್ ‘ಫ್ಯಾಟ್32’ ಆಗಿರುತ್ತದೆ. ಜಾಗ ಎಷ್ಟೇ ಖಾಲಿ ಇದ್ದರೂ ಅದಕ್ಕಿಂತ ದೊಡ್ಡ ಫೈಲ್ ಹಿಡಿಸದು. ಅದರಲ್ಲಿರುವುದನ್ನು ಬೇರೆಡೆ ಇಟ್ಟುಕೊಂಡು ‘ಎಕ್ಸ್‌ಫ್ಯಾಟ್’ಗೆ ಫಾರ್ಮ್ಯಾಟ್ ಮಾಡಿ. ಮೆಮೊರಿ ಕಾರ್ಡ್ ಆದರೆ ಪಕ್ಕದ ಪುಟ್ಟ ಲಾಕ್ ಗುಂಡಿ ಕೆಳಗೆ ಜಾರಿದೆಯೇ ನೋಡಿ. ಫೋಲ್ಡರ್ ಒಳಗೆ ಫೋಲ್ಡರ್ ಮಾಡಿ ಹೆಸರುಗಳು ಉದ್ದವಾಗಿದ್ದರೆ, ಇಡೀ ದಾರಿ 260 ಅಕ್ಷರ ಮೀರಿದಾಗಲೂ ಕಾಪಿ ನಿಲ್ಲುತ್ತದೆ. ಹೆಸರು ಚಿಕ್ಕದು ಮಾಡಿ.

ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಯುಪಿಎಸ್ ಇಲ್ಲದ ಕಡೆ ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಕಟ್-ಪೇಸ್ಟ್ ಬೇಡವೇ ಬೇಡ. ಕಾಪಿ ಮಾಡಿ, ಅಲ್ಲಿ ತೆರೆದು ನೋಡಿ, ಆಮೇಲೆ ಇಲ್ಲಿ ಅಳಿಸಿ. ಪೆನ್‌ಡ್ರೈವ್ ಕೀಳುವ ಮೊದಲು ‘ಇಜೆಕ್ಟ್’ ಕೊಡಿ.

ಎನಿಡೆಸ್ಕ್, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಇಲ್ಲಿಂದ ಅಲ್ಲಿಗೆ ಪೇಸ್ಟ್ ಆಗುವುದಿಲ್ಲ.

ಎನಿಡೆಸ್ಕ್‌ನಲ್ಲಿ ಕ್ಲಿಪ್‌ಬೋರ್ಡ್ ಅನುಮತಿ ಎರಡೂ ಕಡೆ ಇರಬೇಕು. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಆದರೆ, ಜೋಡಿಸುವ ಮೊದಲು ‘ಲೋಕಲ್ ರಿಸೋರ್ಸಸ್’ನಲ್ಲಿ ಕ್ಲಿಪ್‌ಬೋರ್ಡ್‌ಗೆ ಗುರುತು ಹಾಕಿ. ನಡುವೆ ನಿಂತರೆ, ದೂರದ ಕಂಪ್ಯೂಟರ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಆರ್‌ಡಿಪಿಕ್ಲಿಪ್’ ಮುಚ್ಚಿ, ‘ರನ್ ನ್ಯೂ ಟಾಸ್ಕ್’ನಲ್ಲಿ ಅದೇ ಹೆಸರು ಕೊಟ್ಟು ಮತ್ತೆ ಚಾಲೂ ಮಾಡಿ. ಅಪರಿಚಿತರಿಗೆ ಎನಿಡೆಸ್ಕ್ ಕೊಟ್ಟಾಗ ನೀವು ಕಾಪಿ ಮಾಡಿದ್ದೆಲ್ಲ ಅವರಿಗೂ ತಲುಪುತ್ತದೆ ಎಂಬುದು ನೆನಪಿರಲಿ.

ಮೊಬೈಲ್‌ನಲ್ಲಿ ಕಾಪಿ ಮಾಡಿದ್ದು ಸ್ವಲ್ಪ ಹೊತ್ತಿಗೆ ಮಾಯ.

ಜಿಬೋರ್ಡ್ ಕೀಬೋರ್ಡ್ ಒಂದು ಗಂಟೆಯ ನಂತರ ಅಳಿಸುತ್ತದೆ. ಉಳಿಯಬೇಕಾದರೆ ಅದರ ಮೇಲೆ ಬೆರಳೂರಿ ಪಿನ್ ಮಾಡಿ. ಕಂಪ್ಯೂಟರ್‌ಗೆ ಕಳಿಸಲು ವಾಟ್ಸ್‌ಆಪ್‌ನಲ್ಲಿ ನಿಮಗೆ ನೀವೇ ಸಂದೇಶ ಹಾಕಿಕೊಂಡು, ವಾಟ್ಸ್‌ಆಪ್ ವೆಬ್‌ನಲ್ಲಿ ತೆರೆಯುವುದು ಎಲ್ಲಕ್ಕಿಂತ ಸುಲಭ.

ಲ್ಯಾಬ್‌ನಲ್ಲಿ ಉಬುಂಟು ಇದೆ. ಟರ್ಮಿನಲ್‌ನಲ್ಲಿ ಕಂಟ್ರೋಲ್ + ಸಿ ಒತ್ತಿದರೆ ಕೆಲಸವೇ ನಿಲ್ಲುತ್ತದೆ.

ಅಲ್ಲಿ ಕಂಟ್ರೋಲ್ + ಸಿ ಎಂದರೆ ನಡೆಯುತ್ತಿರುವುದನ್ನು ನಿಲ್ಲಿಸು ಎಂದು. ಕಾಪಿಗೆ ಕಂಟ್ರೋಲ್ + ಶಿಫ್ಟ್ + ಸಿ, ಪೇಸ್ಟ್‌ಗೆ ಕಂಟ್ರೋಲ್ + ಶಿಫ್ಟ್ + ವಿ.

ಏನು ಮಾಡಿದರೂ ಸರಿಹೋಗಲಿಲ್ಲ. ಅಂಗಡಿಗೆ ಒಯ್ಯುವಾಗ ಏನು ಹೇಳಬೇಕು?

ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ನೋಟ್‌ಪ್ಯಾಡ್ ಪರೀಕ್ಷೆಯಲ್ಲಿ ಏನಾಯಿತು, ಮೌಸ್‌ನಿಂದ ಆಗುತ್ತದೆಯೇ, ಯಾವ ಪ್ರೋಗ್ರಾಂನಿಂದ ಯಾವುದಕ್ಕೆ ಪೇಸ್ಟ್ ಆಗುತ್ತಿಲ್ಲ, ತೊಂದರೆ ಶುರುವಾಗುವ ಮುನ್ನ ಹೊಸದಾಗಿ ಏನು ಹಾಕಿದಿರಿ, ಪರದೆಯಲ್ಲಿ ಬಂದ ಸಂದೇಶ ಏನು. ಸಂದೇಶದ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ನುಡಿ ಫೈಲಿನ ತೊಂದರೆಯಾದರೆ ಫೈಲಿನ ಒಂದು ಪ್ರತಿಯನ್ನೂ ಬಳಸಿದ ಫಾಂಟಿನ ಹೆಸರನ್ನೂ ಜೊತೆಗೆ ಒಯ್ಯಿರಿ. ಫಾಂಟು ಯಾವುದೆಂದು ತಿಳಿಯದೆ ಯಾರೂ ಪರಿವರ್ತಿಸಲಾರರು.